ಕಡಿದುಹೋದ ಬೆರಳು ಮತ್ತೆ ಬೆಳೆಯುತ್ತಾ? ಗೊತ್ತಿರುವವರು ಹೇಳಿ

ಆಲೆಮನೆ_ಮಂಡ್ಯ:
ಎಲ್ಲರಿಗೂ ನಮಸ್ಕಾರ. ಗಾಣಕ್ಕೆ ಕಬ್ಬು ಕೊಡುವಾಗ ನನ್ನ ತಮ್ಮನ ಬಲಗೈ ಸಿಕ್ಕಿ ಎರಡು ಬೆರಳು ಹೋದವು. ತೋರುಬೆರಳು ಮತ್ತು ನಡುಬೆರಳು. ಎರಡೂ ಮಧ್ಯದ ಗೆಣ್ಣಿಗೇ ತುಂಡಾಗಿವೆ. ಗಾಯ ಪೂರ್ತಿ ಮಾಗಿದೆ. ಈಗ ಒಂದು ಕ್ಲಿನಿಕ್‌ನವರು "ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಬೆರಳು ಮತ್ತೆ ಬೆಳೆಯುತ್ತೆ" ಅಂತ ಹೇಳಿ ಲಕ್ಷಗಟ್ಟಲೆ ದುಡ್ಡು ಕೇಳುತ್ತಿದ್ದಾರೆ. ಮೊಬೈಲಿನಲ್ಲಿ ಒಂದು ಮಗುವಿನ ಬೆರಳಿನ ಫೋಟೊ ತೋರಿಸಿದರು. ಮೊದಲ ಫೋಟೊದಲ್ಲಿ ತುದಿ ಇಲ್ಲ, ಎರಡನೆಯದರಲ್ಲಿ ಉಗುರು ಸಮೇತ ಇದೆ. ಗದ್ದೆ ಅಡವಿಟ್ಟಾದರೂ ಮಾಡಿಸೋಣ ಅನ್ನುತ್ತಿದ್ದಾರೆ ಅಮ್ಮ. ಹಲ್ಲಿಯ ಬಾಲ ಬೆಳೆಯುತ್ತೆ, ಮನುಷ್ಯನಿಗೆ ಯಾಕೆ ಆಗಬಾರದು ಅಂತ ತಮ್ಮನೂ ಕೇಳುತ್ತಾನೆ. ಇದರಲ್ಲಿ ನಿಜ ಎಷ್ಟು?

ಬಯಾಲಜಿ_ಟೀಚರ್:
ಅಣ್ಣ, ದಯವಿಟ್ಟು ಗದ್ದೆ ಅಡವಿಡಬೇಡಿ. ಮಿಕ್ಕಿದ್ದೆಲ್ಲ ಆಮೇಲೆ ಮಾತಾಡೋಣ.

ಅವರು ತೋರಿಸಿದ ಫೋಟೊ ನಿಜವೇ ಇರಬಹುದು. ಮೋಸ ಅಲ್ಲೇ ಶುರುವಾಗುವುದು. ಚಿಕ್ಕ ಮಕ್ಕಳ ಬೆರಳಿನ ತುದಿ ಕತ್ತರಿಸಿಹೋದರೆ ಅದು ತಾನಾಗೇ ಬೆಳೆಯುತ್ತೆ. ಇಂಜೆಕ್ಷನ್ ಏನೂ ಬೇಡ. ಇಂಗ್ಲೆಂಡಿನ ಶೆಫೀಲ್ಡ್‌ನ ಮಕ್ಕಳ ಆಸ್ಪತ್ರೆಯಲ್ಲಿದ್ದ ಡಾಕ್ಟರ್ ಸಿಂಥಿಯಾ ಇಲ್ಲಿಂಗ್‌ವರ್ತ್ 1974ರಲ್ಲೇ ಇದನ್ನು ಬರೆದು ಪ್ರಕಟಿಸಿದರು. ಬಾಗಿಲಿಗೆ ಸಿಕ್ಕಿ ತುದಿ ಹೋದ ಮಕ್ಕಳಿಗೆ ಚರ್ಮ ಎಳೆದು ಹೊಲಿಗೆ ಹಾಕದೆ, ಸುಮ್ನೆ ಶುಚಿಯಾಗಿ ಡ್ರೆಸಿಂಗ್ ಮಾಡಿ ಬಿಟ್ಟರೆ ಮಾಂಸ, ಉಗುರು, ಬೆರಳಿನ ಆಕಾರ ಎಲ್ಲ ಮರಳಿ ಬರುತ್ತಿತ್ತು. ದೊಡ್ಡವರಲ್ಲೂ ಸಣ್ಣ ಮಟ್ಟಿಗೆ ಹೀಗಾಗುವುದುಂಟು.

ಆದರೆ ಇದಕ್ಕೊಂದು ಗಡಿ ಇದೆ. ಕೊನೆಯ ಗೆಣ್ಣಿನಿಂದ ಮೇಲಿನ ಭಾಗ ಮಾತ್ರ ಬೆಳೆಯುತ್ತೆ, ಅದೂ ಉಗುರಿನ ಬುಡ ಉಳಿದಿದ್ದರೆ. ಯಾಕೆ ಅನ್ನುವುದು ಇಲಿಗಳ ಮೇಲಿನ ಕೆಲಸದಿಂದ ಗೊತ್ತಾಯಿತು. ಉಗುರಿನ ಬುಡದಲ್ಲಿ ಸ್ಟೆಮ್ ಸೆಲ್‌ಗಳಿವೆ, ಅಂದರೆ ಹೊಸ ಹೊಸ ಜೀವಕೋಶ ಹುಟ್ಟಿಸುವ ಮೂಲಕೋಶಗಳು. ಉಗುರನ್ನು ಜೀವನಪೂರ್ತಿ ಬೆಳೆಸುವುದು ಅವೇ. ತುದಿ ಕಡಿದಾಗ ಅವು ಕೊಡುವ ಸಂಕೇತದಿಂದ ನರ ಅಲ್ಲಿಗೆ ಬರುತ್ತದೆ, ಕೆಳಗಿನ ಮೂಳೆಯೂ ಬೆಳೆಯಲು ಶುರುವಾಗುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಯೂಮಿ ಇಟೊ ಅವರ ತಂಡ 2013ರಲ್ಲಿ ಇದನ್ನು ತೋರಿಸಿತು. ಉಗುರಿನ ಬುಡವೇ ಹೋದರೆ ಬೆಳವಣಿಗೆಯೂ ಇಲ್ಲ.

ನಿಮ್ಮ ತಮ್ಮನಿಗೆ ಮಧ್ಯದ ಗೆಣ್ಣಿಗೇ ತುಂಡಾಗಿದೆ. ಆ ಜಾಗದಿಂದ ಮನುಷ್ಯನ ಬೆರಳನ್ನು ಮತ್ತೆ ಬೆಳೆಸುವ ಚಿಕಿತ್ಸೆ ಇವತ್ತು ಭೂಮಿಯ ಮೇಲೆ ಎಲ್ಲೂ ಇಲ್ಲ. ಹೇಳಲು ಸಂಕಟವಾಗುತ್ತೆ, ಆದರೆ ಇದನ್ನು ನೇರವಾಗಿಯೇ ಹೇಳಬೇಕು.

ಇನ್ನು ಹಲ್ಲಿ. ಅದಕ್ಕೆ ಮರಳಿ ಬರುವ ಬಾಲ ಮೊದಲಿನ ಬಾಲವಲ್ಲ. ಒಳಗೆ ಬೆನ್ನುಮೂಳೆಯ ಮಣಿಗಳ ಬದಲು ಮೃದ್ವಸ್ಥಿಯ (ಮೆತ್ತನೆ ಮೂಳೆಯ) ಒಂದೇ ಕೊಳವೆ ಇರುತ್ತೆ. ಕಾಲು ಹೋದರೆ ಹಲ್ಲಿಗೂ ಕಾಲು ಬರುವುದಿಲ್ಲ.

ಒಟಿ_ಸಿಸ್ಟರ್:
ಟೀಚರ್ ಹೇಳಿದ್ದು ಸರಿ. ಇದನ್ನು ಓದುವ ಬೇರೆಯವರಿಗೆ ಒಂದು ವಿಷಯ ಹೇಳುತ್ತೇನೆ, ಯಾಕೆಂದರೆ ಗಾಣ, ಮೇವು ಕತ್ತರಿಸುವ ಮೆಷಿನ್, ಅಡಿಕೆ ಸುಲಿಯುವ ಮೆಷಿನ್ ಇವುಗಳಿಂದ ಬರುವ ಕೇಸುಗಳು ಕಡಿಮೆ ಏನಿಲ್ಲ. ಬೆರಳು ಮತ್ತೆ ಬೆಳೆಯುವುದಿಲ್ಲ. ಆದರೆ ತುಂಡಾದ ಬೆರಳನ್ನು ಮತ್ತೆ ಜೋಡಿಸಬಹುದು. ತುಂಡನ್ನು ಬಿಟ್ಟು ಬರಬೇಡಿ. ನೀರಿನಲ್ಲಿ ಮೆಲ್ಲಗೆ ತೊಳೆದು, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ. ಆ ಕವರನ್ನು ಐಸ್ ಬೆರೆಸಿದ ನೀರಿನಲ್ಲಿ ಇಡಿ. ಐಸನ್ನು ನೇರವಾಗಿ ತುಂಡಿಗೆ ತಾಗಿಸಬೇಡಿ, ಜೀವಕೋಶ ಸುಟ್ಟುಹೋಗುತ್ತವೆ. ಗಾಯಕ್ಕೆ ಅರಿಸಿನ, ಕಾಫಿಪುಡಿ ತುಂಬಬೇಡಿ. ರಕ್ತನಾಳ ಹುಡುಕಿ ಜೋಡಿಸುವ ಸರ್ಜನ್‌ಗೆ ಅದರಿಂದ ತುಂಬಾ ಕಷ್ಟ. ಬೆರಳಾದರೆ ಸ್ವಲ್ಪ ಜಾಸ್ತಿ ಹೊತ್ತು ತಡೆಯುತ್ತೆ. ಮುಂಗೈ, ತೋಳು ಆದರೆ ಅದರಲ್ಲಿ ಸ್ನಾಯು ಜಾಸ್ತಿ, ಹಾಗಾಗಿ ಆರು ಗಂಟೆಯೊಳಗೆ ಆಪರೇಷನ್ ಶುರುವಾಗಬೇಕು. ಹೊರಡುವ ಮೊದಲೇ ಫೋನ್ ಮಾಡಿ ಪ್ಲಾಸ್ಟಿಕ್ ಸರ್ಜನ್ ಇದ್ದಾರಾ ಅಂತ ಕೇಳಿಕೊಳ್ಳಿ.

ದಾವಣಗೆರೆ_ಡಿ:
ಮನುಷ್ಯನಿಗೆ ಏನೂ ಬೆಳೆಯುವುದಿಲ್ಲ ಅನ್ನುವ ಹಾಗೂ ಇಲ್ಲ ಅಲ್ವಾ? ನಾನು ನಮ್ಮ ಅಪ್ಪನಿಗೆ ಲಿವರ್ ಕೊಟ್ಟವನು. ಬಲಭಾಗ ಪೂರ್ತಿ ತೆಗೆದರು, ಹೆಚ್ಚುಕಡಿಮೆ ನೂರಕ್ಕೆ 60 ಭಾಗ. ಕೆಲವು ತಿಂಗಳ ನಂತರದ ಸ್ಕ್ಯಾನ್‌ನಲ್ಲಿ ಗಾತ್ರ ಬಹುತೇಕ ಮೊದಲಿನಷ್ಟೇ ಆಗಿತ್ತು. ಅಪ್ಪನಿಗೆ ಹಾಕಿದ ತುಂಡೂ ಬೆಳೆದಿದೆ. ಇದನ್ನು ಬೆಳೆಯುವುದು ಅನ್ನದೆ ಇನ್ನೇನು ಅನ್ನಬೇಕು?

ಬಯಾಲಜಿ_ಟೀಚರ್:
ನೀವು ಮಾಡಿದ್ದು ದೊಡ್ಡ ಕೆಲಸ. ಮತ್ತೆ, ನಿಮ್ಮ ಮಾತೂ ನಿಜ. ಲಿವರ್ ಬೆಳೆಯುತ್ತೆ. ಆದರೆ ಕತ್ತರಿಸಿದ ಬಲಭಾಗ ಮರಳಿ ಹುಟ್ಟಲಿಲ್ಲ, ಉಳಿದ ಎಡಭಾಗ ದೊಡ್ಡದಾಯಿತು. ಲಿವರಿಗೆ ಆಕಾರ ಮುಖ್ಯವಲ್ಲ, ಗಾತ್ರ ಮುಖ್ಯ. ಅದಕ್ಕೇ ಅದು ನಡೆಯುತ್ತೆ. ಕೈ ಹಾಗಲ್ಲ. ಕೈಗೆ ಮೂಳೆ, ಕೀಲು, ಸ್ನಾಯು, ನರ, ರಕ್ತನಾಳ, ಚರ್ಮ ಎಲ್ಲವೂ ತಮ್ಮ ತಮ್ಮ ಜಾಗದಲ್ಲೇ ಇರಬೇಕು. ಉಳಿದ ನಾಲ್ಕು ಬೆರಳು ದಪ್ಪ ಆದರೆ ಹೆಬ್ಬೆರಳಿನ ಕೆಲಸ ಆಗುವುದಿಲ್ಲ.

ಹಾಗಾಗಿ "ಮನುಷ್ಯನ ಅಂಗ ಮತ್ತೆ ಬೆಳೆಯುತ್ತಾ" ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಯಾವ ಅಂಗ, ಎಲ್ಲಿಂದ ಕಡಿದಿದೆ, ವಯಸ್ಸೆಷ್ಟು ಅಂತ ಕೇಳಬೇಕು. ಚರ್ಮದ ಮೇಲ್ಪದರ, ಹೆಣ್ಣುಮಕ್ಕಳ ಗರ್ಭಕೋಶದ ಒಳಪದರ, ರಕ್ತ, ಇವೆಲ್ಲ ಸದಾ ಹುಟ್ಟುತ್ತಲೇ ಇರುತ್ತವೆ. ಪಕ್ಕೆಲುಬು ತೆಗೆದರೂ ಅದರ ಮೇಲಿನ ಪೊರೆ ಉಳಿಸಿದರೆ ಮೂಳೆ ಮತ್ತೆ ಕಟ್ಟಿಕೊಳ್ಳಬಹುದು. ಕಿಡ್ನಿಯಲ್ಲಿ ಹೊಸ ಸೋಸುಘಟಕ ಹುಟ್ಟುವುದಿಲ್ಲ. ಹೃದಯ ತೀರಾ ಜಿಪುಣ. ಸ್ವೀಡನ್ನಿನ ಯೋನಾಸ್ ಫ್ರಿಸೆನ್ ತಂಡ 2009ರಲ್ಲಿ ಲೆಕ್ಕ ಹಾಕಿದಂತೆ 25ರ ವಯಸ್ಸಿನಲ್ಲಿ ವರ್ಷಕ್ಕೆ ಶೇ. 1ರಷ್ಟು ಹೃದಯದ ಸ್ನಾಯುಕೋಶ ಮಾತ್ರ ಹೊಸದಾಗುತ್ತವೆ, 75ಕ್ಕೆ ಬರುವಾಗ ಅದರ ಅರ್ಧವೂ ಇಲ್ಲ.

ಇದೇ ಹೃದಯವನ್ನು ಜೀಬ್ರಾ ಮೀನಿನಲ್ಲಿ ನೋಡಿ. ನಮ್ಮ ದೇಶದ ಹಳ್ಳಕೊಳ್ಳ, ಗದ್ದೆಯ ನೀರಿನ ಸಣ್ಣ ಮೀನು ಅದು. ಅದರ ಹೃದಯದ ಕೆಳಗೂಡಿನ ಐದನೇ ಒಂದು ಭಾಗ ಕತ್ತರಿಸಿದರೂ ಎರಡು ತಿಂಗಳಲ್ಲಿ ಸರಿಯಾಗುತ್ತೆ ಅಂತ 2002ರಲ್ಲಿ ತೋರಿಸಿದರು. ಇನ್ನೂ ಆಶ್ಚರ್ಯ 2011ರಲ್ಲಿ. ಒಂದು ದಿನದ ಇಲಿಮರಿಯ ಹೃದಯವೂ ಹಾಗೇ ಸರಿಯಾಗುತ್ತೆ. ಏಳು ದಿನ ಆಗುವಷ್ಟರಲ್ಲಿ ಆ ಶಕ್ತಿ ಹೋಗಿಬಿಡುತ್ತೆ. ಅಂದರೆ ನಮ್ಮಂಥ ಪ್ರಾಣಿಗಳಲ್ಲೂ ಅದು ಇತ್ತು, ಯಾವುದೋ ಕಾರಣಕ್ಕೆ ನಿಂತಿತು.

ಕಾಡುಮೇಡು:
ನಮ್ಮಂಥ ಪ್ರಾಣಿಗಳಲ್ಲಿ ಅಂದಿರಿ, ಹಾಗಾದರೆ ಜಿಂಕೆ, ಕಡವೆ ಯಾಕೆ ನೆನಪಾಗಲಿಲ್ಲ? ನಾಗರಹೊಳೆ, ಬಂಡೀಪುರದ ಕಾಡಿನಲ್ಲಿ ಓಡಾಡಿದವರಿಗೆ ಉದುರಿದ ಕೊಂಬು ಕಾಣುವುದು ಹೊಸದೇನಲ್ಲ. (ಕಂಡರೆ ಅಲ್ಲೇ ಬಿಡಿ, ಮನೆಗೆ ತರುವುದು ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಇಲಿ, ಮುಳ್ಳುಹಂದಿಗಳಿಗೆ ಅದು ಸುಣ್ಣದಂಶದ ಆಹಾರ.) ಕೊಂಬು ಉದುರಿದ ಮೇಲೆ ಗಂಡು ಮತ್ತೆ ಹೊಸದನ್ನು ಬೆಳೆಸಿಕೊಳ್ಳುತ್ತೆ. ಉಗುರು, ಕೂದಲಿನ ಥರ ಅಲ್ಲ, ನಿಜವಾದ ಮೂಳೆ. ಬೆಳೆಯುವಾಗ ಮೇಲೆ ಮಖಮಲ್ಲಿನಂಥ ಚರ್ಮ, ಒಳಗೆ ರಕ್ತ, ನರ ಎಲ್ಲ ಇರುತ್ತೆ. ಮುಟ್ಟಿದರೆ ಬಿಸಿ. ದೊಡ್ಡ ಜಾತಿಯ ಜಿಂಕೆಗಳಲ್ಲಿ ದಿನಕ್ಕೆ 2 ಸೆಂಟಿಮೀಟರ್‌ವರೆಗೂ ಬೆಳೆಯುತ್ತೆ. ಸಸ್ತನಿಗಳಲ್ಲಿ ಇಡೀ ಒಂದು ಅಂಗ ಮತ್ತೆ ಮತ್ತೆ ಬೆಳೆಯುವುದು ಇದೊಂದೇ.

ವಿಯೆನ್ನಾ_ಕನ್ನಡತಿ:
ಕಾಡುಮೇಡು ಸರ್, ಒಳ್ಳೆಯ ಉದಾಹರಣೆ ಕೊಟ್ಟಿರಿ. 2023ರಲ್ಲಿ ಚೀನಾದ ಸಂಶೋಧಕರು ಸಿಕಾ ಜಿಂಕೆಯ ಕೊಂಬಿನ ಬುಡದಲ್ಲಿ ಅದನ್ನು ಬೆಳೆಸುವ ಜೀವಕೋಶಗಳನ್ನು ಗುರುತಿಸಿದರು. ಅವನ್ನು ಇಲಿಯ ತಲೆಗೆ ಹಾಕಿದಾಗ 45 ದಿನದಲ್ಲಿ ಕೊಂಬಿನ ಮೊಳಕೆಯಂಥದ್ದು ಕಾಣಿಸಿತು.

ನಾನು ಜೀವವಿಜ್ಞಾನ ಓದುತ್ತಿರುವ ಊರಿನಲ್ಲೇ ಆಕ್ಸೊಲೊಟಲ್ ಮೇಲೆ ದೊಡ್ಡ ಕೆಲಸ ನಡೆಯುತ್ತಿದೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆಕ್ಸೊಲೊಟಲ್ ಅಂದರೆ ಮೆಕ್ಸಿಕೋದ ಸೊಚಿಮಿಲ್ಕೊ ಸರೋವರದ ಸಲಮ್ಯಾಂಡರ್, ಹಲ್ಲಿಯಂತೆ ಕಾಣುವ ಆದರೆ ಕಪ್ಪೆಯ ಬಳಗಕ್ಕೆ ಸೇರಿದ ಪ್ರಾಣಿ. ಕಾಲು ಕತ್ತರಿಸಿದರೆ ಮೂಳೆ, ಸ್ನಾಯು, ಬೆರಳು ಸಮೇತ ಪೂರ್ತಿ ಕಾಲು ವಾಪಸ್ ಬರುತ್ತೆ, ಗಾಯದ ಕಲೆ ಕೂಡ ಉಳಿಯುವುದಿಲ್ಲ. ಸಲಮ್ಯಾಂಡರಿಗೆ ಕಾಲು ಬೆಳೆಯುತ್ತೆ ಅಂತ ಇಟಲಿಯ ಸ್ಪಲ್ಲಾಂಜಾನಿ 1768ರಲ್ಲೇ ಬರೆದಿದ್ದ. ಹೇಗೆ ಅನ್ನುವುದು ಮಾತ್ರ ಈಗೀಗ ಬಿಡಿಸಿಕೊಳ್ಳುತ್ತಿದೆ.

ನಮಗೆ ಗಾಯವಾದರೆ ದೇಹ ಬೇಗ ಬೇಗ ಕಲೆಯ ಅಂಗಾಂಶ ಹಾಕಿ ಮುಚ್ಚಿಬಿಡುತ್ತೆ. ಆಕ್ಸೊಲೊಟಲ್‌ನಲ್ಲಿ ಗಾಯದ ಮೇಲೆ ತೆಳು ಚರ್ಮ ಬರುತ್ತೆ, ಅದರ ಕೆಳಗೆ ಜೀವಕೋಶಗಳ ಒಂದು ಗುಬುಟು ಕಟ್ಟುತ್ತೆ. ಅದಕ್ಕೆ ಬ್ಲಾಸ್ಟೀಮಾ ಅನ್ನುತ್ತಾರೆ. ಮುಂದಿನ ಕಾಲೆಲ್ಲ ಹುಟ್ಟುವುದು ಅದರಿಂದಲೇ. ಇದಕ್ಕೆ ನರ ಬೇಕೇ ಬೇಕು. ಕಾಲಿಗೆ ಹೋಗುವ ನರ ಕತ್ತರಿಸಿದರೆ ಕಾಲು ಬೆಳೆಯುವುದಿಲ್ಲ ಅಂತ ಮಾರ್ಕಸ್ ಸಿಂಗರ್ ಕಳೆದ ಶತಮಾನದ ಮಧ್ಯಭಾಗದಲ್ಲೇ ತೋರಿಸಿದ್ದರು. ರೋಗನಿರೋಧಕ ಕೋಶಗಳೂ ಬೇಕು. 2013ರಲ್ಲಿ ಜೇಮ್ಸ್ ಗಾಡ್ವಿನ್ ತಂಡ ಆಕ್ಸೊಲೊಟಲ್‌ನಲ್ಲಿ ಮ್ಯಾಕ್ರೊಫೇಜ್ ಅನ್ನುವ ಅಂಥ ಕೋಶಗಳನ್ನು ತೆಗೆದುಹಾಕಿತು. ಕಾಲು ಬರಲಿಲ್ಲ, ನಮ್ಮ ಹಾಗೆ ಕಲೆ ಬಂತು. ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು.

ಇನ್ನೊಂದು ಪ್ರಶ್ನೆ. ಮೊಣಕೈ ಹತ್ತಿರ ಕತ್ತರಿಸಿದರೆ ಅಲ್ಲಿಂದ ಮುಂದಿನದು ಮಾತ್ರ ಬರುತ್ತೆ, ಮಣಿಕಟ್ಟಿನಲ್ಲಿ ಕತ್ತರಿಸಿದರೆ ಅಂಗೈ ಮಾತ್ರ. ತಾನು ಎಲ್ಲಿದ್ದೇನೆ ಅಂತ ಜೀವಕೋಶಕ್ಕೆ ಹೇಗೆ ಗೊತ್ತು? ಇಲ್ಲಿನ ಸಂಶೋಧಕಿ ಎಲಿ ತಾನಾಕಾ ಅವರ ತಂಡ 2025ರಲ್ಲಿ ಇದರ ಒಂದು ಭಾಗ ಬಿಡಿಸಿತು. ಕೈಯ ಕಿರುಬೆರಳಿನ ಕಡೆಯ ಕೋಶಗಳಲ್ಲಿ ಹ್ಯಾಂಡ್2 ಅನ್ನುವ ವಂಶವಾಹಿ ಜೀವನಪೂರ್ತಿ ಸ್ವಲ್ಪ ಕೆಲಸ ಮಾಡುತ್ತಲೇ ಇರುತ್ತೆ. ಗಾಯ ಆದಾಗ ಅದು ಎಸ್‌ಎಚ್‌ಎಚ್ ಅನ್ನುವ ಇನ್ನೊಂದನ್ನು ಎಬ್ಬಿಸುತ್ತೆ, ಕೈ ಬೆಳೆಯಲು ಶುರುವಾಗುತ್ತೆ. ಇವೆರಡೂ ವಂಶವಾಹಿ ನಮ್ಮಲ್ಲೂ ಇವೆ. ಹೊಟ್ಟೆಯಲ್ಲಿರುವ ಮಗುವಿಗೆ ಕೈ ಮೂಡುವಾಗ ಇವೇ ಕೆಲಸ ಮಾಡುವುದು. ನನಗೆ ಭರವಸೆ ಇರುವುದು ಇಲ್ಲಿ.

ಬೇಸರದ ಮಾತೊಂದು ಇದೆ. ಪ್ರಯೋಗಾಲಯಗಳಲ್ಲಿ ಸಾವಿರಗಟ್ಟಲೆ ಇರುವ ಈ ಪ್ರಾಣಿ ತನ್ನ ಊರಿನಲ್ಲೇ ಮುಗಿಯುತ್ತಾ ಬಂದಿದೆ. ಸೊಚಿಮಿಲ್ಕೊದಲ್ಲಿ 1998ರಲ್ಲಿ ಚದರ ಕಿಲೊಮೀಟರಿಗೆ ಸುಮಾರು 6,000 ಇದ್ದವು. 2014ರ ಎಣಿಕೆಯಲ್ಲಿ ಅಷ್ಟೇ ಜಾಗಕ್ಕೆ ಸಿಕ್ಕಿದ್ದು 36.

ಹೊಸಬೆಳಕು:
ಹಾಗಿದ್ದರೆ ಇನ್ನು 20 ವರ್ಷದಲ್ಲಿ ಆಗಿಯೇ ಆಗುತ್ತೆ. ಕಪ್ಪೆಗೆ ಕಾಲು ಬೆಳೆಸಿದ್ದಾರೆ ಅಂತ ಓದಿದ್ದೆ. ಯಾಕೆ ಎಲ್ಲರೂ ಇಷ್ಟು ಹಿಂಜರಿಯುತ್ತೀರಿ?

ವಿಯೆನ್ನಾ_ಕನ್ನಡತಿ:
ಕಪ್ಪೆಯ ಕೆಲಸ ನಿಜ, 2022ರದ್ದು, ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಮೈಕಲ್ ಲೆವಿನ್ ಮತ್ತು ಜೊತೆಗಾರರು ಮಾಡಿದ್ದು. ಬೆಳೆದ ಆಫ್ರಿಕನ್ ಕಪ್ಪೆಗೆ ಕಾಲು ಹೋದರೆ ಸುಮ್ನೆ ಒಂದು ಮೃದ್ವಸ್ಥಿಯ ಮುಳ್ಳು ಬರುತ್ತೆ ಅಷ್ಟೆ. ಇವರು ಗಾಯಕ್ಕೆ ಒಂದು ಸಣ್ಣ ಟೋಪಿ ಹಾಕಿ, ಅದರೊಳಗೆ ರೇಷ್ಮೆ ಪ್ರೋಟೀನಿನ ಜೆಲ್‌ನಲ್ಲಿ ಐದು ಔಷಧಿ ಇಟ್ಟು, 24 ಗಂಟೆ ಬಿಟ್ಟು ತೆಗೆದರು. ಆಮೇಲೆ 18 ತಿಂಗಳು ಕಾದರು. ಬಂದ ಕಾಲಿನಲ್ಲಿ ಮೂಳೆ, ನರ, ಬೆರಳಿನ ಮೊಳಕೆ ಇದ್ದವು, ಕಪ್ಪೆ ಅದರಿಂದ ಈಜಿತು. ಆದರೆ ಪೂರ್ತಿ ಕಾಲಲ್ಲ. ಬೆರಳುಗಳ ನಡುವಿನ ಪೊರೆ ಇರಲಿಲ್ಲ. ಒಂದೇ ದಿನದ ಔಷಧಿ ಒಂದೂವರೆ ವರ್ಷದ ಬೆಳವಣಿಗೆಯನ್ನು ಶುರು ಮಾಡಿತು ಅನ್ನುವುದು ಅದರಲ್ಲಿ ದೊಡ್ಡ ಸಂಗತಿ.

ಆದರೆ ಇಷ್ಟು ವರ್ಷ ಅಂತ ಹೇಳಲು ನನಗೆ ಧೈರ್ಯ ಇಲ್ಲ. ಮನುಷ್ಯನ ತೋಳು ಪೂರ್ತಿ ಉದ್ದ ಆಗಲು ಹುಟ್ಟಿನಿಂದ ಹದಿನೆಂಟು ವರ್ಷ ಹತ್ತಿರ ಬೇಕು. ದೊಡ್ಡವರಿಗೆ ತೋಳು ಚಿಗುರಿತು ಅಂತಲೇ ಇಟ್ಟುಕೊಳ್ಳಿ, ಅದು ಎಷ್ಟು ವರ್ಷ ಮಗುವಿನ ಕೈಯಷ್ಟೇ ಇರಬೇಕು? ನರ ಅಷ್ಟು ದೂರ ಹೋಗಿ ಸೇರಬೇಕು. ಇದೆಲ್ಲ ನಡೆಯುವಾಗ ಗಾಯ ಕೊಳೆಯದೆ ಇರಬೇಕು.

ಕ್ಯಾನ್ಸರ್ ಭಯವೂ ಇದೆ. ನಮ್ಮಲ್ಲಿ ಎಆರ್‌ಎಫ್ ಅನ್ನುವ ಒಂದು ವಂಶವಾಹಿ ಇದೆ, ಜೀವಕೋಶ ಅಡ್ಡಾದಿಡ್ಡಿ ಹೆಚ್ಚಾಗದ ಹಾಗೆ ಕಾಯುತ್ತೆ. ಸಲಮ್ಯಾಂಡರಿಗೆ ಅದಿಲ್ಲ. 2010ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹೆಲೆನ್ ಬ್ಲಾವ್ ತಂಡ ಇಲಿಯ ಸ್ನಾಯುಕೋಶದಲ್ಲಿ ಅದನ್ನೂ ಇನ್ನೊಂದು ಕಾವಲು ವಂಶವಾಹಿಯನ್ನೂ ಸ್ವಲ್ಪ ಹೊತ್ತು ಅಡಗಿಸಿದಾಗ, ಬಲಿತ ಕೋಶಗಳೂ ಮತ್ತೆ ವಿಭಜನೆ ಆಗತೊಡಗಿದವು. ಅಂದರೆ ಬೆಳೆಸುವ ದಾರಿಯೂ ಗೆಡ್ಡೆಯ ದಾರಿಯೂ ಒಂದಕ್ಕೊಂದು ತುಂಬಾ ಹತ್ತಿರ. ಯಾರಾದರೂ ಕ್ಲಿನಿಕ್‌ನಲ್ಲಿ ಕಣ್ಣುಮುಚ್ಚಿ ಏನನ್ನೋ ಚುಚ್ಚುವುದನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ತೋಟಗಾರ_ಶಿರಸಿ:
ನನಗೆ ಮೊಣಕಾಲ ಕೆಳಗೆ ಕಾಲಿಲ್ಲ. ಇಂಥ ಸುದ್ದಿ ಬಂದಾಗಲೆಲ್ಲ ನೆಂಟರು ಕಳಿಸುತ್ತಾರೆ, "ನಿನಗೂ ಬರುತ್ತೆ ನೋಡು" ಅಂತ. ಅವರ ಪ್ರೀತಿ ನನಗೆ ಅರ್ಥವಾಗುತ್ತೆ. ಆದರೆ ಕಾಯುತ್ತಾ ಕೂರಲು ನನಗೆ ಮನಸ್ಸಿಲ್ಲ. ನನ್ನ ತೋಟದಲ್ಲಿ ಇಳಿಜಾರು ಇದೆ, ಮಳೆಗಾಲದಲ್ಲಿ ಜಾರುತ್ತೆ. ಜೈಪುರ ಕಾಲು ಹಾಕಿಕೊಂಡು ಓಡಾಡುತ್ತೇನೆ. 1968ರಲ್ಲಿ ರಾಮಚಂದ್ರ ಶರ್ಮಾ ಅನ್ನುವ ಕುಶಲಕರ್ಮಿ ಮತ್ತು ಡಾಕ್ಟರ್ ಪಿ.ಕೆ. ಸೇಠಿ ಸೇರಿ ರೂಪಿಸಿದ್ದು ಅದು. ಕುಕ್ಕರುಗಾಲಿನಲ್ಲಿ ಕೂರಬಹುದು, ಬರಿಗಾಲಿನಲ್ಲಿ ನಡೆಯಬಹುದು, ಕೆಸರಿಗೂ ಇಳಿಯಬಹುದು. ನಮ್ಮ ಜನ ಬದುಕುವ ರೀತಿ ನೋಡಿ ಮಾಡಿದ ಕಾಲು. ನನಗೆ ಬೇಕಾಗಿರುವುದು ಉಳಿದ ಕಾಲನ್ನು ಇಳಿಸುವ ಸಾಕೆಟ್ ಸರಿಯಾಗಿ ಕೂರುವುದು, ಬೆವರಿಗೆ ಚರ್ಮ ಕೆರೆಯದಿರುವುದು, ರಿಪೇರಿಗೆ ದೂರ ಹೋಗಬೇಕಾಗದಿರುವುದು. ಸಂಶೋಧನೆ ನಡೆಯಲಿ. ಆದರೆ ಇದಕ್ಕೂ ದುಡ್ಡು, ಬುದ್ಧಿ ಹಾಕುವವರು ಬೇಕು.

ಇತಿಹಾಸ_ಓದು:
ನಮ್ಮ ನೆಲಕ್ಕೇ ಸೇರಿದ ಒಂದು ಹಳೆಯ ಘಟನೆ ಇದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೋವಾಸ್ಜಿ ಎಂಬಾತ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಆಮೇಲೆ ಪುಣೆಯ ಕಡೆಯ ವೈದ್ಯನೊಬ್ಬ ಅವನ ಹಣೆಯ ಚರ್ಮ ಇಳಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಇದು ಚಿತ್ರ ಸಮೇತ ಅಚ್ಚಾಯಿತು. ಯುರೋಪಿನ ಸರ್ಜನ್‌ಗಳು ಅದನ್ನು ನೋಡಿ ಕಲಿತರು. ಮೂಗು ಬಂತು. ಕೈಗೆ ಯಾರ ಹತ್ತಿರವೂ ಉಪಾಯ ಇರಲಿಲ್ಲ. ಈಗ ಬೇರೆಯವರ ಕೈಯನ್ನೇ ಜೋಡಿಸುವುದು ಸಾಧ್ಯವಾಗಿದೆ, ಭಾರತದಲ್ಲಿ ಮೊದಲು ಆಗಿದ್ದು 2015ರಲ್ಲಿ, ಕೊಚ್ಚಿಯಲ್ಲಿ.

ಆಲೆಮನೆ_ಮಂಡ್ಯ:
ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಕ್ಲಿನಿಕ್‌ನವರು ಇವತ್ತೂ ಫೋನ್ ಮಾಡಿ "ಇದು ಟ್ರಯಲ್, ಸೀಟು ಕಮ್ಮಿ" ಅಂದರು. ಅವರಿಗೆ ಏನು ಕೇಳಬೇಕು?

ಒಟಿ_ಸಿಸ್ಟರ್:
ಸಿಟಿಆರ್‌ಐ, ಅಂದರೆ ದೇಶದ ಕ್ಲಿನಿಕಲ್ ಟ್ರಯಲ್‌ಗಳ (ಮನುಷ್ಯರ ಮೇಲಿನ ಚಿಕಿತ್ಸಾ ಪ್ರಯೋಗಗಳ) ನೋಂದಣಿ ಪಟ್ಟಿಯ ನಂಬರ್ ಕೇಳಿ. ಭಾರತದಲ್ಲಿ ಯಾವುದೇ ಕ್ಲಿನಿಕಲ್ ಟ್ರಯಲ್ 2009ರಿಂದ ಅಲ್ಲಿ ನೋಂದಣಿ ಆಗಲೇಬೇಕು. ಆ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹುಡುಕಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯಂಥ ಸ್ಟೆಮ್ ಸೆಲ್ ಕಸಿ ಬಿಟ್ಟರೆ ಬೇರೆ ಸ್ಟೆಮ್ ಸೆಲ್ ಪ್ರಯೋಗಗಳು ಟ್ರಯಲ್ ಆಗಿ ಮಾತ್ರ ನಡೆಯಬೇಕು. ಟ್ರಯಲ್ ಆದರೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. "ಟ್ರಯಲ್" ಅಂತ ಹೇಳಿ ಲಕ್ಷ ಕೇಳುತ್ತಿದ್ದಾರೆ ಅಂದರೆ ಅಲ್ಲಿಗೇ ಮಾತು ಮುಗಿಸಿ. ತಮ್ಮನನ್ನು ಒಳ್ಳೆಯ ಹ್ಯಾಂಡ್ ಸರ್ಜನ್‌ಗೆ ತೋರಿಸಿ. ಉಳಿದ ಬೆರಳುಗಳ ಹಿಡಿತಕ್ಕೆ ಫಿಸಿಯೋಥೆರಪಿ ಮಾಡಿಸಿ.

ಮೈಸೂರು_ಕಣ್ಣು:
ಸ್ಟೆಮ್ ಸೆಲ್ ಅಂದರೆ ಎಲ್ಲವೂ ಮೋಸ ಅಂತ ಯಾರೂ ತಿಳಿಯಬಾರದು. ಎಲೆ-ಅಡಿಕೆಯ ಸುಣ್ಣದ ಪ್ಯಾಕೆಟ್ ಮಕ್ಕಳ ಕೈಗೆ ಸಿಕ್ಕಿ, ಒತ್ತಿದಾಗ ಕಣ್ಣಿಗೆ ಚಿಮ್ಮುತ್ತೆ. ಕರಿಗುಡ್ಡೆಯ ಅಂಚಿನಲ್ಲಿರುವ ಸ್ಟೆಮ್ ಸೆಲ್ ಸುಟ್ಟುಹೋಗಿ ದೃಷ್ಟಿ ಹೋಗುತ್ತೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ವೀರೇಂದ್ರ ಸಾಂಗ್ವಾನ್ ಮತ್ತು ಜೊತೆಗಾರರು 2012ರಲ್ಲಿ ಸರಳವಾದ ಒಂದು ವಿಧಾನ ಪ್ರಕಟಿಸಿದರು. ಚೆನ್ನಾಗಿರುವ ಕಣ್ಣಿನ ಅಂಚಿನಿಂದ 2 ಮಿಲಿಮೀಟರಿನಷ್ಟು ತುಣುಕು ತೆಗೆದು, ಅದನ್ನು ಎಂಟು-ಹತ್ತು ಚೂರು ಮಾಡಿ, ಹೆರಿಗೆಯ ಮಾಸಿನಿಂದ ಸಿಗುವ ತೆಳು ಪೊರೆಯನ್ನು ಹಾಳಾದ ಕಣ್ಣಿನ ಮೇಲೆ ಹಾಸಿ ಅದರ ಮೇಲೆ ಅಂಟಿಸುತ್ತಾರೆ. ಕೋಶಗಳು ಕಣ್ಣಿನ ಮೇಲೇ ಹರಡಿ ಬೆಳೆಯುತ್ತವೆ. ದೊಡ್ಡ ಪ್ರಯೋಗಾಲಯ ಬೇಡ. ಈಗ ಬೇರೆ ದೇಶಗಳಲ್ಲೂ ಇದನ್ನು ಮಾಡುತ್ತಾರೆ. ದಯವಿಟ್ಟು ಸುಣ್ಣದ ಪ್ಯಾಕೆಟ್ ಮಕ್ಕಳಿಗೆ ಎಟುಕದ ಹಾಗೆ ಇಡಿ.

ಹೊಸಬೆಳಕು:
ಹಾಗಾದರೆ ನಮ್ಮ ಜೀವನದಲ್ಲಿ ನಿಜವಾಗಿ ನೋಡಬಹುದಾದ್ದು ಯಾವುದು?

ಬಯಾಲಜಿ_ಟೀಚರ್:
ನನ್ನ ಪ್ರಕಾರ ಹಲ್ಲು. ಜಪಾನಿನ ಕತ್ಸು ತಾಕಾಹಾಶಿ ಅವರು ಯುಸಾಗ್-1 ಅನ್ನುವ ಪ್ರೋಟೀನನ್ನು ತಡೆದರೆ ಹೊಸ ಹಲ್ಲು ಬರುತ್ತೆ ಅಂತ ಇಲಿಗಳಲ್ಲಿ ಮತ್ತು ಫೆರೆಟ್ ಅನ್ನುವ ಪ್ರಾಣಿಯಲ್ಲಿ ತೋರಿಸಿದರು. 2024ರಲ್ಲಿ ಕ್ಯೋಟೊದಲ್ಲಿ ಮನುಷ್ಯರ ಮೇಲಿನ ಮೊದಲ ಟ್ರಯಲ್ ಶುರುವಾಯಿತು. ಕನಿಷ್ಠ ಒಂದು ಹಲ್ಲಿಲ್ಲದ 30 ಗಂಡಸರು, 30ರಿಂದ 64 ವಯಸ್ಸಿನವರು. ಮೊದಲ ಹಂತದಲ್ಲಿ ನೋಡುವುದು ಔಷಧಿ ಅಪಾಯವಿಲ್ಲದ್ದೇ ಅಂತ. ಆಮೇಲೆ ಹುಟ್ಟಿನಿಂದಲೇ ಹಲ್ಲು ಬರದ ಮಕ್ಕಳಿಗೆ. ಅಂಥ ಮಗುವಿನ ತಾಯಿಯನ್ನು ಕೇಳಿದರೆ ಇದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ.

ಕಿವಿಯ ಕೆಲಸವೂ ಇದೆ. ಮೊಲದ ಕಿವಿಗೆ ತೂತು ಮಾಡಿದರೆ ಮೃದ್ವಸ್ಥಿ ಸಮೇತ ಮುಚ್ಚಿಕೊಳ್ಳುತ್ತೆ, ಇಲಿಯದು ಮುಚ್ಚುವುದಿಲ್ಲ. ಎ ವಿಟಮಿನ್ನಿನಿಂದ ರೆಟಿನೋಯಿಕ್ ಆಮ್ಲ ತಯಾರಿಸುವ ಒಂದು ವಂಶವಾಹಿ ಇಲಿಯಲ್ಲಿ ಗಾಯದ ಹೊತ್ತಿಗೆ ಸಾಕಷ್ಟು ಕೆಲಸ ಮಾಡುವುದಿಲ್ಲ. 2025ರಲ್ಲಿ ಚೀನಾದ ತಂಡವೊಂದು ಅದನ್ನು ಎಬ್ಬಿಸಿದಾಗ ಇಲಿಯ ಕಿವಿಯೂ ಮುಚ್ಚಿಕೊಂಡಿತು. (ಅಂತ ಯಾರೂ ಎ ವಿಟಮಿನ್ ಮಾತ್ರೆ ನುಂಗಬೇಡಿ, ಜಾಸ್ತಿಯಾದರೆ ಲಿವರ್ ಹಾಳಾಗುತ್ತೆ, ಬಸುರಿಯರ ಮಗುವಿಗೂ ಅಪಾಯ.)

ಪಿಯುಸಿ_ಸೈನ್ಸ್_ಹಾಸನ:
ಟೀಚರ್, ನಾನು ಎರಡನೇ ಪಿಯುಸಿ. ಎರೆಹುಳು ಕತ್ತರಿಸಿದರೆ ಎರಡಾಗುತ್ತೆ ಅನ್ನುವುದು ನಿಜವಾ? ಮತ್ತೆ ಇದನ್ನೆಲ್ಲ ಓದಬೇಕು ಅಂದರೆ ಹೊರದೇಶಕ್ಕೇ ಹೋಗಬೇಕಾ?

ಬಯಾಲಜಿ_ಟೀಚರ್:
ಎರೆಹುಳು ಎರಡಾಗುವುದಿಲ್ಲ ಮಗು. ಕೆಲವು ಜಾತಿಗಳಲ್ಲಿ ತಲೆಯ ಕಡೆಯ ತುಂಡು ಬಾಲ ಬೆಳೆಸಿಕೊಂಡು ಬದುಕುತ್ತೆ, ಬಾಲದ ತುಂಡು ಸಾಮಾನ್ಯವಾಗಿ ಸಾಯುತ್ತೆ. ನಿಜವಾಗಿ ಎರಡಾಗುವುದು ಪ್ಲನೇರಿಯಾ ಅನ್ನುವ ಚಪ್ಪಟೆ ಹುಳು. ಅದರ ಸಣ್ಣ ಚೂರಿನಿಂದಲೂ ತಲೆ, ಕಣ್ಣು, ಮಿದುಳು ಸಮೇತ ಇಡೀ ಹುಳು ಬರುತ್ತೆ. ಅದನ್ನು ನೋಡಲು ಹೊರದೇಶ ಬೇಡ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ, ಸ್ಟೆಮ್ ಸೆಲ್ ಸಂಶೋಧನೆ ನಡೆಸುವ ಇನ್‌ಸ್ಟೆಮ್ ಸಂಸ್ಥೆಯಲ್ಲಿ ದಶರಥಿ ಪಾಲಕೊಡೇಟಿ ಅವರ ತಂಡ ಪ್ಲನೇರಿಯಾ ಮೇಲೇ ಕೆಲಸ ಮಾಡಿದೆ. ಪಕ್ಕದಲ್ಲೇ ಜೀವವಿಜ್ಞಾನದ ರಾಷ್ಟ್ರೀಯ ಕೇಂದ್ರ ಎನ್‌ಸಿಬಿಎಸ್ ಇದೆ.

ಬಿಎಸ್ಸಿಗೆ ಸೇರಿದ ಮೇಲೆ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕು. ಇಂಥ ಲ್ಯಾಬಿನಲ್ಲಿ ಎರಡು ತಿಂಗಳು ಕೂತು ಕೆಲಸ ಕಲಿಯಬಹುದು. ಈಗ ಕೆಮಿಸ್ಟ್ರಿ ಬಿಡಬೇಡ, ಲೆಕ್ಕಕ್ಕೂ ಹೆದರಬೇಡ. ಏನಾದರೂ ಅರ್ಥವಾಗದಿದ್ದರೆ ಇಲ್ಲೇ ಕೇಳು, ನಾನು ಶನಿವಾರ ಸಂಜೆ ನೋಡುತ್ತೇನೆ.